ಮಂಜುಗಡ್ಡೆ ಕರಗಿಸುವ ತಣ್ಣೀರು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಹರಿಯುವ ಸಾಮನ್ ನದಿ ಒಂಟಾರಿಯೊ ಸರೋವರವನ್ನು ಸೇರುತ್ತದೆ. ಜನವರಿಯಲ್ಲಿ ಅದರ ದಡದ ಮೇಲೆಲ್ಲ ಹಿಮ. ಗಾಳಿಯ ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದೂ ಉಂಟು. ಅಂಥ ಚಳಿಯಲ್ಲೂ ಸ್ಟೀಲ್‌ಹೆಡ್ ಎಂಬ ಮೀನಿಗಾಗಿ ಗಾಳ ಹಾಕುವವರು ನೀರಿನಲ್ಲಿ ನಿಂತಿರುತ್ತಾರೆ. ನೋಡುವವರಿಗೆ ಅವರ ಒಂದು ಕೆಲಸ ವಿಚಿತ್ರವಾಗಿ ಕಾಣುತ್ತದೆ. ಮಂಜುಗಡ್ಡೆ ಕಟ್ಟಿದ ಗಾಳದ ಕೋಲಿನ ತುದಿಯನ್ನು ಅವರು ಅದೇ ಕೊರೆಯುವ ನದಿಯಲ್ಲಿ ಅದ್ದಿ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮಂಜುಗಡ್ಡೆ ಬಿಟ್ಟುಕೊಳ್ಳುತ್ತದೆ! ತಣ್ಣೀರು ಮಂಜುಗಡ್ಡೆಯನ್ನು ಕರಗಿಸುವುದೆಂದರೇನು?

ಮೊದಲು, ಕೋಲಿಗೆ ಮಂಜುಗಡ್ಡೆ ಕಟ್ಟುವುದು ಹೇಗೆಂದು ನೋಡೋಣ. ಈ ಬಗೆಯ ಮೀನು ಹಿಡಿಯುವಿಕೆಗೆ ‘ಫ್ಲೈ ಫಿಶಿಂಗ್’ ಎಂದು ಹೆಸರು. ಗರಿ, ನೂಲುಗಳಿಂದ ಕಟ್ಟಿದ ಕೃತಕ ನೊಣವೇ ಇಲ್ಲಿ ಮೀನಿಗೆ ಆಮಿಷ. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ಪ್ಲಾಸ್ಟಿಕ್ ಲೇಪನವಿರುವ ದಪ್ಪ ದಾರದ ತೂಕದಿಂದಲೇ ಅದನ್ನು ದೂರಕ್ಕೆ ಬೀಸಬೇಕು. ಕೋಲಿನ ಉದ್ದಕ್ಕೂ ಇರುವ ಸಣ್ಣ ಬಳೆಗಳ ಮೂಲಕ ದಾರ ಸರಾಗವಾಗಿ ಜಾರಬೇಕು. ಒದ್ದೆ ದಾರವನ್ನು ಎಳೆದುಕೊಂಡಾಗ ಅದಕ್ಕೆ ಅಂಟಿದ ನೀರು ಬಳೆಗಳಲ್ಲಿ ಉಳಿಯುತ್ತದೆ, ಕೊರೆಯುವ ಗಾಳಿಗೆ ಗಟ್ಟಿಯಾಗುತ್ತದೆ. ನಾಲ್ಕಾರು ಸಲ ಬೀಸುವಷ್ಟರಲ್ಲಿ ಬಳೆಗಳು ಮುಚ್ಚಿಕೊಳ್ಳತೊಡಗುತ್ತವೆ. ಆಗ ದೊಡ್ಡ ಮೀನು ಸಿಕ್ಕಿ ಓಡಿದರೆ ದಾರ ಬಿಟ್ಟುಕೊಡಲಾಗದೆ ತುಂಡಾಗಬಹುದು.

ಈಗ ನಮ್ಮ ಪ್ರಶ್ನೆಗೆ ಬರೋಣ. ಗಾಳಿ ಸೊನ್ನೆಗಿಂತ ಎಷ್ಟು ಕೆಳಗಿಳಿದರೂ ಹರಿಯುವ ನದಿಯ ನೀರು ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಅದು ಒಂದೆರಡು ಡಿಗ್ರಿಯಲ್ಲಿದೆ ಎನ್ನೋಣ. ನಮ್ಮ ಕೈಗೆ ಅದು ಕಡು ತಣ್ಣೀರು, ಮಂಜುಗಡ್ಡೆಗೆ ಮಾತ್ರ ಬಿಸಿನೀರು! ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 334 ಜೂಲ್ ಶಾಖ ಬೇಕು. ಇದೇ ಗುಪ್ತೋಷ್ಣ. 1760ರ ದಶಕದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಜೋಸೆಫ್ ಬ್ಲ್ಯಾಕ್ ಇದನ್ನು ವಿವರಿಸಿದರು. ಸುಮಾರು 80 ಗ್ರಾಂ ನೀರು ಒಂದು ಡಿಗ್ರಿ ತಣ್ಣಗಾದರೆ ಅಷ್ಟು ಶಾಖ ದೊರೆಯುತ್ತದೆ. ಹರಿಯುವ ನದಿಗೆ ಅದೇನು ಮಹಾ? ಆದರೆ ನದಿಯೇ ಸೊನ್ನೆಗೆ ಇಳಿದು ಮಂಜಿನ ಚೂರುಗಳು ತೇಲತೊಡಗಿದ ದಿನ ಈ ಉಪಾಯ ನಡೆಯದು.

ಇದರ ಇನ್ನೊಂದು ಮುಖವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದು ಖಾಲಿ ಇರಲಿ, ಇನ್ನೊಂದಕ್ಕೆ ಮಡಕೆಯ ತಂಪು ನೀರು ಹಾಕಿ. ಎರಡಕ್ಕೂ ಒಂದೇ ಗಾತ್ರದ ಮಂಜುಗಡ್ಡೆ ತುಂಡು ಹಾಕಿ ಕಾದು ನೋಡಿ. ಮಡಕೆಯ ನೀರು ಕೋಣೆಯ ಗಾಳಿಗಿಂತ ತಂಪು. ಆದರೂ ನೀರಿನಲ್ಲಿರುವ ತುಂಡೇ ಮೊದಲು ಕರಗುತ್ತದೆ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 25 ಪಟ್ಟು ಹೆಚ್ಚು.

ಅನುಭವಿ ಗಾಳಗಾರರು ಅದ್ದಿದ ಕೋಲನ್ನು ಹೊರತೆಗೆದ ಕೂಡಲೇ ನೀರು ಕೊಡವುತ್ತಾರೆ. ಇಲ್ಲದಿದ್ದರೆ ಅದೂ ಗಡ್ಡೆ ಕಟ್ಟುತ್ತದೆ. ಬಳೆಗಳಿಗೆ ವ್ಯಾಸಲೀನ್ ಸವರುವವರೂ ಇದ್ದಾರೆ. ಅದು ನೀರು ಅಂಟಿಕೊಳ್ಳುವುದನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೆ. ದಾರ ಸುತ್ತುವ ರೀಲನ್ನು ಮಾತ್ರ ನೀರಿಗೆ ತಾಗಿಸುವುದಿಲ್ಲ. ಒಳಗೆ ನೀರು ಹೋದರೆ ಅದು ತಿರುಗದಂತೆ ಗಟ್ಟಿಯಾಗುತ್ತದೆ. ಮಂಜುಗಡ್ಡೆಯನ್ನು ಒಡೆದು ಕೀಳಲು ಹೋದರೆ ಕೋಲಿನ ತೆಳ್ಳನೆಯ ತುದಿಯೇ ಮುರಿಯಬಹುದು. ಹಿಡಿದು ಮತ್ತೆ ಬಿಡುವ ಮೀನನ್ನು ನೀರಿನಲ್ಲಿಟ್ಟೇ ಕೊಕ್ಕೆ ಬಿಡಿಸುತ್ತಾರೆ. ಆ ಗಾಳಿಗೆ ಎತ್ತಿ ಹಿಡಿದರೆ ಅದರ ಒದ್ದೆ ಕಿವಿರು ಹೆಪ್ಪುಗಟ್ಟೀತು.

ಆದರೆ ಕೋಲನ್ನು ಉಳಿಸುವ ನೀರಿನ ಗುಣವೇ ಮನುಷ್ಯನಿಗೆ ಅಪಾಯಕಾರಿ. ಮಂಜುಗಡ್ಡೆ ನೀರಿನಿಂದ ಶಾಖ ಪಡೆಯುತ್ತದೆ. ನಮ್ಮ ದೇಹ ಅದೇ ನೀರಿಗೆ ಶಾಖ ಕಳೆದುಕೊಳ್ಳುತ್ತದೆ. 37 ಡಿಗ್ರಿಯ ದೇಹ ಅಂಥ ನದಿಗೆ ಬಿದ್ದರೆ ಮೊದಲು ಉಸಿರು ಕಟ್ಟಿದಂತಾಗಿ ಏದುಸಿರು ಬರುತ್ತದೆ. ಸ್ವಲ್ಪ ಹೊತ್ತಿಗೆ ಕೈಕಾಲು ಮಾತು ಕೇಳುವುದಿಲ್ಲ. ದೇಹದ ಒಳ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಪ್ರಾಣಕ್ಕೇ ಸಂಚಕಾರ. ಬಿದ್ದವರನ್ನು ತಡಮಾಡದೆ ಬೆಚ್ಚನೆಯ ಜಾಗಕ್ಕೆ ಕರೆದೊಯ್ದು, ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಹೊದಿಸಿ, ವೈದ್ಯರ ನೆರವು ಪಡೆಯಬೇಕು. ಮರಗಟ್ಟಿದ ಬೆರಳುಗಳನ್ನು ತಿಕ್ಕಬಾರದು.

ಆದ್ದರಿಂದಲೇ ತಿಳಿದವರು ಒಬ್ಬರೇ ಹೋಗುವುದಿಲ್ಲ. ದಾರಕ್ಕೆ ಗಂಟು ಹಾಕಲು ಬೆರಳುಗಳು ತಡವರಿಸತೊಡಗಿದರೆ, ಮೀನು ಸಿಗಲಿ ಬಿಡಲಿ, ಅಂದಿನ ಗಾಳವನ್ನು ಸುತ್ತಿಟ್ಟು ದಡ ಹತ್ತುತ್ತಾರೆ.