ಜಾತ್ರೆಯ ಕುಸ್ತಿ ಕಣದಲ್ಲಿ ಕಾಲಹರಣ: ಗಡಿಯಾರವೊಂದೇ ಮದ್ದಲ್ಲ

ಬೆಳಗಾವಿ ಜಿಲ್ಲೆಯ ಗಡಿ ತಾಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡಗಳಲ್ಲಿ ತೇರು, ಪಲ್ಲಕ್ಕಿಗಳಷ್ಟೇ ಜಾತ್ರೆಯಲ್ಲ. ಊರಿಗೊಂದು ಕುಸ್ತಿ ಮೈದಾನವಿಲ್ಲದಿದ್ದರೆ ಜಾತ್ರೆ ಪೂರ್ಣವಾಯಿತೆಂದು ಹಿರಿಯರು ಒಪ್ಪುವುದಿಲ್ಲ. ಹಬ್ಬಕ್ಕೆ ಮುನ್ನವೇ 'ಜಂಗಿ ನಿಕಾಲಿ ಕುಸ್ತಿಗಳು' ಎಂಬ ತಲೆಬರಹದ ಕರಪತ್ರಗಳು ಹಂಚಿಕೆಯಾಗುತ್ತವೆ. ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳ ಪೈಲ್ವಾನರ ಹೆಸರುಗಳು ದಪ್ಪ ಅಕ್ಷರಗಳಲ್ಲಿ ಅಚ್ಚಾಗುತ್ತವೆ. ಆದರೆ ದಿನ ಬಂದಾಗ ಅನೇಕ ಕಡೆ ನಡೆಯುವುದೇನು? ಮೊದಲ ನಂಬರಿನ ಜೋಡಿ ಪರಸ್ಪರರ ಕೊರಳಿಗೆ ಕೈ ಹಾಕಿ, ಹಣೆಗೆ ಹಣೆ ಕೊಟ್ಟು ನಿಂತುಬಿಡುತ್ತದೆ. ಹಲಗಿಯ ಸದ್ದು ಏರುತ್ತದೆ, ಕಣದಲ್ಲಿ ಮಾತ್ರ ಚಲನೆಯಿಲ್ಲ. ಕತ್ತಲು ಆವರಿಸುವ ಹೊತ್ತಿಗೆ ಪಂಚರು ಇಬ್ಬರ ಕೈಯನ್ನೂ ಮೇಲೆತ್ತಿ 'ಸಮಬಲ' ಎಂದು ಘೋಷಿಸುತ್ತಾರೆ. ದಿನವಿಡೀ ಕಾದ ಪ್ರೇಕ್ಷಕ ಬೇಸರದಿಂದ ಮನೆಯ ದಾರಿ ಹಿಡಿಯುತ್ತಾನೆ.

ಈ ಕಾಲಹರಣ ಕೇವಲ ಮನರಂಜನೆಗೆ ಸಂಬಂಧಿಸಿದ ದೂರಲ್ಲ. ಗಡಿ ಭಾಗದ ಕುಸ್ತಿ ಪರಂಪರೆ ಯಾರ ಹಣದಿಂದ, ಯಾರ ಮಕ್ಕಳಿಂದ ಉಳಿಯಬೇಕು ಎಂಬ ಪ್ರಶ್ನೆಯೇ ಇದರ ಹಿಂದಿದೆ.

ನಿಕಾಲಿಯ ತರ್ಕ

ನಿಕಾಲಿ ಎಂದರೆ ಇತ್ಯರ್ಥ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿ 'ಚಿತ್' ಮಾಡುವವರೆಗೂ ಸೆಣಸಬೇಕೆಂಬುದು ಈ ಪದ್ಧತಿಯ ತಿರುಳು. ಮೈಸೂರು ಸೀಮೆಯಲ್ಲಿ ಮಾರ್ಫಿಟ್ ಕುಸ್ತಿ ಎಂದು ಕರೆಯುವುದೂ ಬಹುಮಟ್ಟಿಗೆ ಇದನ್ನೇ. ಇಲ್ಲಿ ಅಂಕಗಳಿಲ್ಲ, ಸುತ್ತುಗಳಿಲ್ಲ. ಗೆದ್ದವನು ಯಾರೆಂಬುದು ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ತಿಳಿಯುತ್ತದೆ.

ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ಈ ಬಯಲಿಗೆ ಕೊಲ್ಹಾಪುರವೇ ಕುಸ್ತಿಯ ರಾಜಧಾನಿ. 1894ರಿಂದ 1922ರವರೆಗೆ ಆಳಿದ ಛತ್ರಪತಿ ಶಾಹು ಮಹಾರಾಜರು ಪೈಲ್ವಾನರಿಗೆ ಆಶ್ರಯ ನೀಡಿ, 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ ಅವರೂ ಕೊಲ್ಹಾಪುರದ ವಾತಾವರಣದಲ್ಲಿ ಪಳಗಿದವರು. ಭಾಷೆಯ ಗಡಿ ಏನೇ ಇರಲಿ, ತಾಲೀಮಿನ ಗಡಿ ಇಲ್ಲಿ ಎಂದೂ ಮುಚ್ಚಿರಲಿಲ್ಲ. ಕನ್ನಡದ ಹುಡುಗ ಮರಾಠಿ ವಸ್ತಾದನ ಬಳಿ ಕಲಿಯುವುದೂ, ಆ ಕಡೆಯ ಪೈಲ್ವಾನ ಈ ಕಡೆಯ ಜಾತ್ರೆಯಲ್ಲಿ ಗೆದ್ದು ಪಟಕಾ ಕಟ್ಟಿಸಿಕೊಳ್ಳುವುದೂ ಸಹಜವಾಗಿತ್ತು.

ಹಾಗಿದ್ದ ಮೇಲೆ, ಇತ್ಯರ್ಥವನ್ನೇ ಹೆಸರಾಗಿ ಹೊತ್ತ ಕುಸ್ತಿ ಇತ್ಯರ್ಥವಾಗದೆ ಮುಗಿಯುವುದೇಕೆ?

ಕಾರಣ ಹುಡುಕಿದರೆ ಅದು ಪೈಲ್ವಾನನ ಸ್ವಭಾವಕ್ಕಿಂತ ಸಂಭಾವನೆಯ ಲೆಕ್ಕದಲ್ಲಿ ಸಿಗುತ್ತದೆ. ಕುಸ್ತಿ ಸಮಬಲವಾದರೆ ಬಹುಮಾನವನ್ನು ಇಬ್ಬರಿಗೂ ಹಂಚುವ ರೂಢಿಯಿದೆ. ಹಾಲು, ಬಾದಾಮಿ, ತುಪ್ಪದ ಖುರಾಕಿಗೇ ತಿಂಗಳ ಸಂಪಾದನೆ ಕರಗುವ ಪೈಲ್ವಾನನಿಗೆ ಋತುವೊಂದರಲ್ಲಿ ಹಲವು ಮೈದಾನಗಳು ಕಾದಿರುತ್ತವೆ. ಒಂದೆಡೆ ಚಿತ್ ಆದರೆ ಮುಂದಿನ ಊರಿನ ಕರಪತ್ರದಲ್ಲಿ ಆತನ ನಂಬರು ಇಳಿಯುತ್ತದೆ. ಮೊಣಕಾಲು ತಿರುಚಿದರೆ ಇಡೀ ಋತುವೇ ಕೈತಪ್ಪುತ್ತದೆ. ಅರ್ಧ ಬಹುಮಾನ ಖಚಿತವಿರುವಾಗ ಪೂರ್ಣ ಬಹುಮಾನಕ್ಕಾಗಿ ಅಪಾಯ ತೆಗೆದುಕೊಳ್ಳಬೇಕೇಕೆ ಎಂದು ಆತ ಯೋಚಿಸಿದರೆ ಅದರಲ್ಲಿ ಅಚ್ಚರಿಯಿಲ್ಲ. ಮೊದಲೇ ಮಾತಾಡಿಕೊಂಡು ಆಡುವ ನೂರಾ ಕುಸ್ತಿಯ ಶಂಕೆಯೂ ಇಲ್ಲಿಂದಲೇ ಹುಟ್ಟುತ್ತದೆ. ಎಲ್ಲ ಸಮಬಲಗಳೂ ಒಪ್ಪಂದದವಲ್ಲ. ಆದರೆ ನಿಜವಾದ ಸಮಬಲವನ್ನೂ ನಾಟಕವನ್ನೂ ಬೇರ್ಪಡಿಸುವ ನಿಯಮವಿಲ್ಲದಿದ್ದರೆ ಪ್ರೇಕ್ಷಕ ಎರಡನ್ನೂ ಒಂದೇ ಕಣ್ಣಿನಿಂದ ನೋಡುತ್ತಾನೆ.

ಶತಮಾನದ ಹಳೆಯ ಸಮಸ್ಯೆ

ಇದು ಇಂದಿನ ರೋಗವೇನಲ್ಲ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲ್ವಾನರನ್ನು ಎದುರಿಸಿದ ಪೋಲೆಂಡ್ ಮೂಲದ ಸ್ಟಾನಿಸ್ಲಾಸ್ ಜಿಬಿಸ್ಕೊ, ಎರಡೂವರೆ ಗಂಟೆಗೂ ಹೆಚ್ಚು ಕಾಲ ಬಹುತೇಕ ನೆಲಕ್ಕಂಟಿಕೊಂಡೇ ಉಳಿದರು. ಪಂದ್ಯ ಇತ್ಯರ್ಥವಾಗಲಿಲ್ಲ. ವಾರದ ನಂತರ ಮರುಪಂದ್ಯಕ್ಕೆ ಅವರು ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಇದೇ ಜೋಡಿ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಗೆದ್ದರು. ಎರಡೂವರೆ ಗಂಟೆಯ ಆ ಜಡತೆ ಸಮಬಲದ ಲಕ್ಷಣವಾಗಿರಲಿಲ್ಲ, ಸೋಲು ತಪ್ಪಿಸುವ ಉಪಾಯವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಖಾಸಬಾಗ ಮೈದಾನ ತಲೆಯೆತ್ತಿದ 1912ರಲ್ಲೇ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಇನ್ನೊಂದು ಪಾಠ ಕಲಿಸಿತು. ಗ್ರೀಕೊ ರೋಮನ್ ಮಧ್ಯಮ ತೂಕದ ಸೆಮಿಫೈನಲ್‌ನಲ್ಲಿ ರಷ್ಯಾ ಪರ ಕಣಕ್ಕಿಳಿದಿದ್ದ ಎಸ್ಟೋನಿಯಾದ ಮಾರ್ಟಿನ್ ಕ್ಲೈನ್ ಹಾಗೂ ಫಿನ್‌ಲೆಂಡ್‌ನ ಆಲ್ಫ್ರೆಡ್ ಆಸಿಕೈನೆನ್ 11 ಗಂಟೆ 40 ನಿಮಿಷ ಸೆಣಸಿದರು. ಗೆದ್ದ ಕ್ಲೈನ್ ಬಳಲಿಕೆಯಿಂದ ಚಿನ್ನದ ಪಂದ್ಯವನ್ನೇ ಆಡಲಿಲ್ಲ. ಮತ್ತೊಂದು ತೂಕದ ಅಂತಿಮ ಹೋರಾಟ ಸುಮಾರು ಒಂಬತ್ತು ಗಂಟೆ ನಡೆದೂ ಫಲಿತಾಂಶ ಬರಲಿಲ್ಲ. ಇಬ್ಬರಿಗೂ ಬೆಳ್ಳಿ ಕೊಟ್ಟು, ಚಿನ್ನವನ್ನು ಯಾರಿಗೂ ಕೊಡಲಿಲ್ಲ. ಸಮಬಲಕ್ಕೆ ಪೂರ್ಣ ಗೌರವ ಸಲ್ಲದು ಎಂಬ ತತ್ವ ಆ ತೀರ್ಮಾನದಲ್ಲಿದೆ.

ಜಾಗತಿಕ ಕುಸ್ತಿ ಕಾಲಕ್ರಮೇಣ ಗಡಿಯಾರಕ್ಕೆ ಶರಣಾಯಿತು. 2013ರ ಫೆಬ್ರವರಿಯಲ್ಲಿ 2020ರ ಒಲಿಂಪಿಕ್ಸ್‌ನಿಂದ ಕುಸ್ತಿಯನ್ನು ಕೈಬಿಡುವ ಸೂಚನೆ ಬಂದಾಗ ನಿಯಮಗಳು ತರಾತುರಿಯಲ್ಲಿ ಬದಲಾದವು. ತಲಾ ಮೂರು ನಿಮಿಷದ ಎರಡು ಅವಧಿಗಳು ಬಂದವು. ಫ್ರೀಸ್ಟೈಲ್‌ನಲ್ಲಿ ಜಡವಾಗಿ ಆಡುವವನಿಗೆ ಎಚ್ಚರಿಕೆ ನೀಡಲಾಗುತ್ತದೆ. ನಂತರವೂ ತಿದ್ದಿಕೊಳ್ಳದಿದ್ದರೆ 30 ಸೆಕೆಂಡುಗಳ ಗಡುವು ಸಿಗುತ್ತದೆ. ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ ಒಂದು ಅಂಕ ಸೇರುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕುಸ್ತಿ ಒಲಿಂಪಿಕ್ಸ್‌ನಲ್ಲಿ ತನ್ನ ಸ್ಥಾನವನ್ನು ಮರಳಿ ಪಡೆಯಿತು.

ಈ ವ್ಯವಸ್ಥೆಯನ್ನು ಜಾತ್ರೆಗೆ ಹಾಗೆಯೇ ಇಳಿಸಬಹುದೇ? ಕಷ್ಟ. ಮಣ್ಣಿನ ಕಣದಲ್ಲಿ ಅಂಕಪಟ್ಟಿಯಿಲ್ಲ, ತರಬೇತಿ ಪಡೆದ ಮೂವರು ನಿರ್ಣಾಯಕರಿಲ್ಲ. ಮೇಲಾಗಿ, ಸಮಬಲದ ಹಂಚಿಕೆಯನ್ನು ಹಾಗೇ ಉಳಿಸಿ ಹದಿನೈದು ನಿಮಿಷದ ಮಿತಿಯನ್ನಷ್ಟೇ ಹೇರಿದರೆ ಪರಿಣಾಮ ವಿಪರೀತವಾದೀತು. ತಡೆದು ನಿಲ್ಲಬೇಕಾದ ಅವಧಿ ಎಷ್ಟೆಂಬುದು ಕಾಲಹರಣ ಮಾಡುವವನಿಗೆ ಮೊದಲೇ ತಿಳಿದುಬಿಡುತ್ತದೆ. ಗಡಿಯಾರ ಆತನಿಗೇ ಮಿತ್ರನಾಗುತ್ತದೆ.

ಸಂಘಟಕರ ಪಾಲು

ಕಾಲಹರಣದ ಬಗ್ಗೆ ಅತಿ ಹೆಚ್ಚು ತಲೆ ಕೆಡಿಸಿಕೊಂಡ ಆಟ ಬಹುಶಃ ಗಾಲ್ಫ್. ಹವ್ಯಾಸಿ ಟೂರ್ನಿಗಳಲ್ಲಿ ನಿಧಾನಗತಿಯ ಆಟ ಅಲ್ಲಿನ ಹಳೆಯ ತಲೆನೋವು. 2019ರಲ್ಲಿ ಜಾರಿಗೆ ಬಂದ ಪರಿಷ್ಕೃತ ನಿಯಮಗಳು ಹೊಡೆತವೊಂದಕ್ಕೆ 40 ಸೆಕೆಂಡು ಮೀರಬಾರದೆಂದು ಸಲಹೆ ನೀಡಿದವು. ಕಳೆದ ಚೆಂಡನ್ನು ಹುಡುಕುವ ಅವಧಿಯನ್ನು ಐದು ನಿಮಿಷದಿಂದ ಮೂರಕ್ಕೆ ಇಳಿಸಿದವು. ಆದರೆ ಗಾಲ್ಫ್ ಸಂಘಟಕರು ಕಂಡುಕೊಂಡ ಮುಖ್ಯ ಸತ್ಯ ಬೇರೆಯೇ ಇದೆ. ತಡಕ್ಕೆ ಆಟಗಾರರಷ್ಟೇ ವೇಳಾಪಟ್ಟಿಯೂ ಕಾರಣ. ದಾಟಲು ಹತ್ತು ನಿಮಿಷ ಬೇಡುವ ಜಾಗಕ್ಕೆ ಏಳು ನಿಮಿಷಕ್ಕೊಂದು ತಂಡವನ್ನು ಬಿಟ್ಟರೆ, ಎಲ್ಲರೂ ಚುರುಕಾಗಿ ಆಡಿದರೂ ಹತ್ತನೆಯ ತಂಡ ಸುಮಾರು ಅರ್ಧ ಗಂಟೆ ಕಾಯಲೇಬೇಕು.

ಜಾತ್ರೆಯ ಕಣಕ್ಕೂ ಈ ಲೆಕ್ಕ ಅನ್ವಯಿಸುತ್ತದೆ. ಫೆಬ್ರವರಿಯಲ್ಲಿ ಈ ಭಾಗದಲ್ಲಿ ಸಂಜೆ ಆರೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಮೂರಕ್ಕೆ ಕಣ ಆರಂಭವಾದರೆ ಕೈಯಲ್ಲಿರುವುದು 210 ನಿಮಿಷ. ನಲವತ್ತು ಜೋಡಿಗಳಿವೆ ಎಂದುಕೊಳ್ಳೋಣ. ದೊಡ್ಡ ಐದು ಕುಸ್ತಿಗಳಿಗೆ ತಲಾ 20 ನಿಮಿಷ ತೆಗೆದಿಟ್ಟರೆ ಉಳಿದ 35 ಜೋಡಿಗಳ ಪಾಲಿಗೆ 110 ನಿಮಿಷ, ಅಂದರೆ ತಲಾ ಮೂರು ನಿಮಿಷವಷ್ಟೇ. ಇದರ ನಡುವೆ ಗಣ್ಯರ ಸತ್ಕಾರ, ಶಾಲು, ಹಾರ, ಭಾಷಣ, ದಾನಿಗಳ ಹೆಸರು ಓದುವುದು ಎಲ್ಲವೂ ಸೇರಬೇಕು. ಕಣದಲ್ಲೇ ಜೋಡಿ ಹೊಂದಿಸಲು ಹೊರಟರೆ ಮತ್ತಷ್ಟು ಹೊತ್ತು ಕಳೆಯುತ್ತದೆ. ಇಷ್ಟೆಲ್ಲ ಆದ ಮೇಲೆ ಮೊದಲ ನಂಬರಿನ ಕುಸ್ತಿ ಮಬ್ಬುಗತ್ತಲಲ್ಲಿ ಶುರುವಾದರೆ ದೂರಬೇಕಾದದ್ದು ಪೈಲ್ವಾನನನ್ನೊಬ್ಬನನ್ನೇ ಅಲ್ಲ.

ಈ ತಡದ ಬೆಲೆ ತೆರುವವರು ಯಾರೆಂಬುದೇ ಗಂಭೀರ ವಿಚಾರ. ಹೊತ್ತು ಸಾಲದಾದಾಗ ಮೊದಲು ಕತ್ತರಿ ಬೀಳುವುದು ಚಿಕ್ಕ ಹುಡುಗರ ಜೋಡಿಗಳಿಗೆ. ವರ್ಷವಿಡೀ ಗರಡಿಯಲ್ಲಿ ಬೆವರು ಸುರಿಸಿದ ಹುಡುಗನಿಗೆ ಸ್ವಂತ ಊರಿನ ಜನರೆದುರು ಸಿಗುವುದು ಎರಡು ನಿಮಿಷ. ಅಷ್ಟರಲ್ಲಿ ಗೆಲ್ಲದಿದ್ದರೆ 'ಬಿಡಿಸಿರಿ' ಎಂಬ ಕೂಗು ಕೇಳುತ್ತದೆ. ಈಗೀಗ ಕಣಕ್ಕಿಳಿಯುತ್ತಿರುವ ಹೆಣ್ಣುಮಕ್ಕಳ ಕುಸ್ತಿಗಳಿಗೂ ಇದೇ ಗತಿಯಾಗಬಹುದು. ಕೊನೆಯ ಜೋಡಿಯ ಅರ್ಧ ಗಂಟೆಯ ಜಡತೆಗಾಗಿ ಹತ್ತು ಹುಡುಗರ ಅವಕಾಶ ಹೋಗುತ್ತದೆ. ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದ ಮೇಲೆ ಕಣ್ಣಿಟ್ಟ ಗ್ರಾಮೀಣ ಯುವಕರು ಮುಂದೆ ಮ್ಯಾಟ್ ಮೇಲೆ ಆಡಬೇಕು. ಅಲ್ಲಿ ಜಡತೆಗೆ ದಂಡವಿದೆ. ಜಾತ್ರೆಯ ಮಣ್ಣಿನಲ್ಲಿ ತಡೆದು ನಿಲ್ಲುವುದನ್ನೇ ಕಲಿತವನು ಅಲ್ಲಿ ಮೊದಲ ಅವಧಿಯಲ್ಲೇ ಅಂಕ ಕಳೆದುಕೊಳ್ಳುತ್ತಾನೆ.

ಏನು ಮಾಡಬಹುದು?

ಪರಿಹಾರಕ್ಕೆ ಸರಕಾರದ ಆದೇಶವಾಗಲಿ, ದೊಡ್ಡ ಖರ್ಚಾಗಲಿ ಬೇಕಿಲ್ಲ. ಮೊದಲನೆಯದಾಗಿ, ಸಮಬಲದ ಬೆಲೆಯನ್ನು ಕರಪತ್ರದಲ್ಲೇ ನಮೂದಿಸಬೇಕು. ಕುಸ್ತಿ ಇತ್ಯರ್ಥವಾಗದಿದ್ದರೆ ಇಬ್ಬರಿಗೂ ಪ್ರಯಾಣದ ವೆಚ್ಚ ಹಾಗೂ ಬಹುಮಾನದ ಸಣ್ಣ ಪಾಲಷ್ಟೇ ಸಲ್ಲಲಿ, ಉಳಿದ ಹಣ ಆ ಊರಿನ ಹುಡುಗರ ಕುಸ್ತಿಗಳಿಗೆ ಹೋಗಲಿ. ದಾನಿಗಳು ಇದಕ್ಕೆ ಆಕ್ಷೇಪಿಸುವ ಸಂಭವ ಕಡಿಮೆ. ಎರಡನೆಯದಾಗಿ, ಪಂಚರು ಜಡ ಆಟಕ್ಕೆ ಎರಡು ಬಾರಿ ಬಹಿರಂಗವಾಗಿ ಎಚ್ಚರಿಕೆ ಕೊಡಲಿ. ಅನಂತರ ಮೂರು ನಿಮಿಷದ ಅಂತಿಮ ಅವಧಿ ಘೋಷಿಸಿ, ಅದರಲ್ಲಿ ಮೊದಲು ಎದುರಾಳಿಯನ್ನು ಕೆಳಗೆ ಹಾಕಿ ಹಿಡಿತ ಸಾಧಿಸಿದವನಿಗೆ ಜಯ ನೀಡಲಿ. ಮೂರನೆಯದಾಗಿ, ತೂಕ ನೋಡಿ ಜೋಡಿ ಹೊಂದಿಸುವ ಕೆಲಸ ಹಿಂದಿನ ದಿನವೇ ಮುಗಿಯಲಿ. ಸತ್ಕಾರಗಳು ಕಣದ ಆರಂಭಕ್ಕೆ ಮುನ್ನವೇ ನಡೆಯಲಿ. ಮೊದಲ ನಂಬರಿನ ಕುಸ್ತಿ ಹಗಲಿರುವಾಗಲೇ ಆರಂಭವಾಗುವಂತೆ ಕ್ರಮಪಟ್ಟಿ ರೂಪಿಸಲಿ.

ಇದಕ್ಕೆ ವಿರೋಧವೂ ಬರದಿರದು. ಅಂತಿಮ ಅವಧಿಯ ಮಾತೆತ್ತಿದರೆ ನಿಕಾಲಿಯ ಶುದ್ಧತೆಗೆ ಧಕ್ಕೆಯೆಂದು ಹಳೆಯ ವಸ್ತಾದರು ವಾದಿಸಬಹುದು. ಅವರ ಮಾತಿನಲ್ಲಿ ಹುರುಳಿದೆ. ನಿಧಾನವಾಗಿ ಬಲ ಕರಗಿಸಿ, ಹತ್ತು ನಿಮಿಷ ಹೊಂಚಿ, ಒಂದೇ ಪಟ್ಟಿನಲ್ಲಿ ಎತ್ತಿ ಹಾಕುವುದು ಈ ಕಲೆಯ ಸೊಬಗು. ಅದನ್ನು ಆರು ನಿಮಿಷಕ್ಕೆ ಕತ್ತರಿಸಿದರೆ ಮಣ್ಣಿನ ಕುಸ್ತಿ ಉಳಿಯುವುದಿಲ್ಲ. ಆದರೆ ಹೊಂಚುವವನಿಗೂ ಅವಿತುಕೊಳ್ಳುವವನಿಗೂ ಇರುವ ವ್ಯತ್ಯಾಸವನ್ನು ಅನುಭವಿ ಪಂಚನ ಕಣ್ಣು ಒಂದೆರಡು ನಿಮಿಷಗಳಲ್ಲಿ ಗುರುತಿಸಬಲ್ಲದು. ಪಂಚರಿಗೆ ಆ ಅಧಿಕಾರವನ್ನು ಬಹಿರಂಗವಾಗಿ ಕೊಟ್ಟು, ತೀರ್ಪಿನ ಬೆನ್ನಿಗೆ ಊರು ನಿಲ್ಲಬೇಕು. ಹೊರಗಿನಿಂದ ಬಂದ ಹೆಸರಾಂತ ಪೈಲ್ವಾನನಿಗೂ ಊರಿನ ಹುಡುಗನಿಗೂ ಒಂದೇ ಎಚ್ಚರಿಕೆ, ಒಂದೇ ದಂಡ ಎಂಬುದು ಮೊದಲ ವರ್ಷವೇ ಸಾಬೀತಾಗಬೇಕು.

ಐದು ತಾಲೂಕುಗಳ ಜಾತ್ರಾ ಸಮಿತಿಗಳು ಬೇರೆ ಬೇರೆ ನಿಯಮ ಮಾಡಿದರೆ ಪ್ರಯೋಜನ ಕಡಿಮೆ. ಒಂದು ಊರು ಸಮಬಲದ ಹಣ ಇಳಿಸಿದರೆ ಪೈಲ್ವಾನರು ಪಕ್ಕದ ಊರನ್ನು ಆಯ್ದುಕೊಳ್ಳುತ್ತಾರೆ. ಋತು ಆರಂಭಕ್ಕೆ ಮುನ್ನ ಸಮಿತಿಗಳ ಪ್ರಮುಖರು, ವಸ್ತಾದರು, ಪಂಚರು ಒಂದೆಡೆ ಕುಳಿತು ಸಮಾನ ಕರಾರಿಗೆ ಬಂದರೆ ಮಾತ್ರ ಅದು ನಿಲ್ಲುತ್ತದೆ. ಕಬ್ಬಿನ ಬಿಲ್ಲಿನಿಂದಲೋ ತಂಬಾಕಿನ ಆದಾಯದಿಂದಲೋ ವಂತಿಗೆ ಕೊಡುವ ರೈತ ತನ್ನ ಹಣಕ್ಕೆ ಪ್ರತಿಯಾಗಿ ಕೇಳುವುದು ಒಂದು ನಿಜವಾದ ಹೋರಾಟವನ್ನು. ಅದು ಸತತವಾಗಿ ಸಿಗದಿದ್ದರೆ ಆತ ಮುಂದಿನ ವರ್ಷ ಅದೇ ವಂತಿಗೆಯನ್ನು ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗೋ ಆರ್ಕೆಸ್ಟ್ರಾಕ್ಕೋ ಕೊಡುತ್ತಾನೆ. ಆಗ ಗರಡಿಗೆ ಕಳುಹಿಸಲು ಮಗನೂ ಇರುವುದಿಲ್ಲ, ಹದಗೊಳಿಸಲು ಮಣ್ಣೂ ಉಳಿಯುವುದಿಲ್ಲ.