ಎಂಜಿನ್ ಆಮೇಲೆ, ಬ್ರೇಕ್ ಮೊದಲು



ನಮ್ಮ ಕಾಸರಗೋಡು ಕಡೆಯ ಕೆಲವು ಹಳೆ ಮನೆಗಳ ಶೆಡ್ಡಿನಲ್ಲಿ ಈಗಲೂ ಟರ್ಪಾಲು ಹೊದ್ದುಕೊಂಡು ಒಂದು ಅಂಬಾಸಿಡರೋ, ಪ್ರೀಮಿಯರ್ ಪದ್ಮಿನಿಯೋ, ಮಾರುತಿ 800 ಕಾರೋ ನಿಂತಿರುತ್ತದೆ. ಅಜ್ಜ ತೀರಿಕೊಂಡರು, ಮಕ್ಕಳು ಗಲ್ಫಿಗೆ ಹೋದರು, ಕಾರು ಅಲ್ಲೇ ಉಳಿಯಿತು. ಈಗ ಮೊಮ್ಮಕ್ಕಳಿಗೆ ಅದನ್ನು ಓಡಿಸುವ ಆಸೆ. ಒಳ್ಳೆಯದೇ. ಆದರೆ ಹೊಸ ಬ್ಯಾಟರಿ ಕೂರಿಸಿ, ನಾಲ್ಕು ಜನ ಸೇರಿ ದೂಡಿ, ಎಂಜಿನ್ ಗುರುಗುಟ್ಟಿದ ಕೂಡಲೇ ವಾಟ್ಸಾಪ್ ಸ್ಟೇಟಸ್ ಹಾಕುವ ಅವಸರ ಮಾತ್ರ ನನಗೆ ಹಿಡಿಸುವುದಿಲ್ಲ.

ಹತ್ತು ಮಳೆಗಾಲ ಕಂಡ ಕಾರಿನಲ್ಲಿ ಹಾಳಾಗಿರುವುದು ಬ್ಯಾಟರಿ ಒಂದೇ ಅಲ್ಲ. ಟ್ಯಾಂಕಿನ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ತೂತುಗಳನ್ನು ಮುಚ್ಚಿರುತ್ತದೆ. ಟ್ಯಾಂಕಿನೊಳಗೆ ತುಕ್ಕು. ಹಳೆ ರಬ್ಬರ್ ಪೈಪು ಒಡೆದಿದ್ದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲು ಸೋರಿ ಬೆಂಕಿಯೇ ಹತ್ತಬಹುದು. ಇಲಿ ವಯರು ಕಡಿದಿದ್ದರಂತೂ ಕೇಳುವುದೇ ಬೇಡ. ಸಿಲಿಂಡರಿನಲ್ಲಿ ಪಿಸ್ಟನ್ ಹಿಡಿದುಕೊಂಡಿರುವುದೂ ಉಂಟು. ಅದಕ್ಕೇ ಅನುಭವಸ್ಥ ಮೆಕ್ಯಾನಿಕ್ ಮೊದಲು ಕೀಲಿಯನ್ನೇ ಮುಟ್ಟುವುದಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಒಂದೆರಡು ದಿನ ಕಾದು, ಎಂಜಿನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ ನೋಡುತ್ತಾರೆ. ಹಳೆ ಆಯಿಲ್, ಹಳೆ ಪೆಟ್ರೋಲು ತೆಗೆದ ಮೇಲೆಯೇ ಉಳಿದದ್ದು.

ಎಂಜಿನ್ ಹೊರಡದಿದ್ದರೆ ಕಾರು ಅಂಗಳದಲ್ಲೇ ನಿಂತಿರುತ್ತದೆ, ಯಾರಿಗೂ ತೊಂದರೆ ಇಲ್ಲ. ಹೊರಟ ಕಾರು ನಿಲ್ಲದಿದ್ದರೆ? ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಒಳಗೊಳಗೇ ಸಿಲಿಂಡರು ತುಕ್ಕು ಹಿಡಿಯುತ್ತದೆ, ರಬ್ಬರ್ ಸೀಲು ಗಟ್ಟಿಯಾಗುತ್ತದೆ. ಅಂಗಳದಲ್ಲಿ ಪೆಡಲು ಸರಿಯಾಗಿಯೇ ಸಿಕ್ಕೀತು, ಇಳಿಜಾರಿನಲ್ಲಿ ಜೋರಾಗಿ ಒತ್ತಿದಾಗ ನೆಲ ಮುಟ್ಟೀತು. ನಮ್ಮ ಏರಿಳಿತದ ರಸ್ತೆಗಳು ನಿಮಗೇ ಗೊತ್ತು. ಟಯರಿನ ಹೂವು ಚೆನ್ನಾಗಿದೆಯೆಂದು ನಂಬಬೇಡಿ. ಅದರ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. 1212 ಎಂದಿದ್ದರೆ 2012ರ ಹನ್ನೆರಡನೇ ವಾರದ ಟಯರು. ಅಂಥದ್ದರಲ್ಲಿ ಮನೆಯವರನ್ನು ಕೂರಿಸಿಕೊಂಡು ಹೋಗುವುದು ಬೇಡ.

ಆದುದರಿಂದ ಕೈಯಲ್ಲಿರುವ ಹಣ ಬ್ರೇಕಿಗೆ, ಟಯರಿಗೆ, ಪೆಟ್ರೋಲು ಪೈಪಿಗೆ ಹೋಗಲಿ. ಪೈಂಟು, ಮ್ಯೂಸಿಕ್ ಸಿಸ್ಟಂ ಮುಂದಿನ ವರ್ಷಕ್ಕಿರಲಿ. (ಹೊಳೆಯುವ ಬಣ್ಣದ ಕೆಳಗೆ ತುಕ್ಕು ಮುಚ್ಚಿಟ್ಟವರನ್ನೂ ಕಂಡಿದ್ದೇನೆ.) ಕಾಗದಪತ್ರವೂ ನೋಡಿ. 15 ವರ್ಷ ದಾಟಿದ ಕಾರಿಗೆ ಫಿಟ್ನೆಸ್ ತೋರಿಸಿ ಆರ್.ಸಿ. ನವೀಕರಿಸಬೇಕು, ಅದು ಮತ್ತೆ ಐದೇ ವರ್ಷಕ್ಕೆ. ಇನ್ಶೂರೆನ್ಸ್ ಇಲ್ಲದೆ ಗೇಟು ದಾಟಲೇಬಾರದು.

ಇಷ್ಟೆಲ್ಲ ಖರ್ಚು ಯಾಕೆ, ಗುಜರಿಗೆ ಕೊಡಿ ಎನ್ನುವವರಿದ್ದಾರೆ. ತಳದ ಕಬ್ಬಿಣವೇ ಕರಗಿ ಹೋಗಿದ್ದರೆ ಅವರ ಮಾತೇ ಸರಿ, ಅಜ್ಜನ ನೆನಪಿಗೆ ಸ್ಟಿಯರಿಂಗ್ ಒಂದನ್ನು ಬಿಚ್ಚಿಟ್ಟುಕೊಳ್ಳಿ. ಬಾಡಿ ಗಟ್ಟಿಯಿದ್ದರೆ ನಾನು ನಿಮ್ಮ ಪಕ್ಷ. ಊರಿನಲ್ಲಿ ಕಾರ್ಬುರೇಟರ್ ಬಿಚ್ಚಿ ಜೋಡಿಸಬಲ್ಲ ಹಿರಿಯ ಮೆಕ್ಯಾನಿಕರು ಇನ್ನೂ ಒಬ್ಬಿಬ್ಬರು ಸಿಗುತ್ತಾರೆ. ಯೂಟ್ಯೂಬ್ ನೋಡುವ ಮೊದಲು ಅವರ ಹತ್ತಿರ ಹೋಗಿ, ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಲ್ಲಿ.