ಬಡವನ ಬೆಟ್ಟದ ಸೈಕಲ್ಲು

ಸಂಚಿಕೆಗೆ ಏನನ್ನಾದರೂ ಬರೆದುಕೊಡೆಂದು ಕೇಳಿದ ಸಂಪಾದಕ ಮಿತ್ರರು ‘ವಿದ್ಯಾರ್ಥಿ ಮತ್ತು ಶಿಸ್ತು’ ಎಂಬಂಥ ಘನವಾದ ವಿಷಯವೊಂದನ್ನು ನನ್ನಿಂದ ನಿರೀಕ್ಷಿಸಿದ್ದರೆಂದು ತೋರುತ್ತದೆ. ಸೈಕಲ್ಲಿನ ಮೇಲೆ ಬರೆಯುತ್ತೇನೆಂದಾಗ ನಕ್ಕರು. ನಗಲಿ. ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರು ಪೆಡಲು ತುಳಿದು ಈ ಕಾಲೇಜಿಗೆ ಬಂದು ಹೋಗುವವನಿಗೆ ಅದಕ್ಕಿಂತ ಘನವಾದ ವಿಷಯ ಬೇರೊಂದಿಲ್ಲ.

ನಮ್ಮ ಊರಿಗೂ ಕಾಲೇಜಿಗೂ ನಡುವೆ ಹನ್ನೊಂದು ಕಿಲೋಮೀಟರು. ಅದರಲ್ಲಿ ನಾಲ್ಕು ಕಿಲೋಮೀಟರು ಕಾಫಿ ತೋಟಗಳ ಮಧ್ಯದ ಮಣ್ಣುದಾರಿ; ಉಳಿದುದು ಎಂದೋ ಒಮ್ಮೆ ಡಾಂಬರು ಕಂಡ ದಾರಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ನಾಲ್ಕೂವರೆಗೆ ಒಂದು. ನಮ್ಮ ಗ್ರಂಥಾಲಯವೋ ಐದೂವರೆಯವರೆಗೆ ತೆರೆದಿರುತ್ತದೆ. ಬಸ್ಸನ್ನು ನಂಬಿದವನಿಗೆ ಆ ಒಂದು ಗಂಟೆ ಇಲ್ಲ. ಮನೆಯಲ್ಲಿರುವ ಪುಸ್ತಕವೆಂದರೆ ಪಂಚಾಂಗ ಮತ್ತು ತಂಗಿಯ ಪಠ್ಯಪುಸ್ತಕಗಳು ಮಾತ್ರವಾಗಿರುವಾಗ ಆ ಗಂಟೆಯ ಬೆಲೆ ಏನೆಂಬುದನ್ನು ಬಲ್ಲವರೇ ಬಲ್ಲರು.

ನನ್ನ ಬಳಿ ಸೈಕಲ್ಲು ಇರಲಿಲ್ಲವೆಂದಲ್ಲ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಯೋಜನೆಯಿಂದ ಎಂಟನೆಯ ತರಗತಿಯಲ್ಲಿ ದೊರೆತ ಸೈಕಲ್ಲಿತ್ತು. ಅದರ ಋಣ ದೊಡ್ಡದು. ಪ್ರೌಢಶಾಲೆಯನ್ನು ಮುಗಿಸಿಕೊಟ್ಟದ್ದು ಅದೇ. ಆದರೆ ಅದು ಬಯಲುಸೀಮೆಯ ಸಮದಾರಿಗೆ ಹೇಳಿದ ವಾಹನ. ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಎಂದರೆ ಪೆಡಲು ಒಂದು ಸುತ್ತು ಬಂದರೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗಬೇಕು. ಮಲೆನಾಡಿನ ಏರಿನಲ್ಲಿ ಅದನ್ನು ತುಳಿಯುವುದಕ್ಕಿಂತ ನೂಕಿಕೊಂಡು ಹೋಗುವುದು ಸುಖ. ಬೆಟ್ಟದ ಸೈಕಲ್ಲಿನಲ್ಲಾದರೋ ಮುಂದೆ 24, ಹಿಂದೆ 28 ಹಲ್ಲಿನ ಗೇರು ಸಿಕ್ಕುತ್ತದೆ. ಗಾಲಿ ಪೂರ್ತಿ ಒಂದು ಸುತ್ತೂ ತಿರುಗುವುದಿಲ್ಲ. ಮೆಲ್ಲಗೆ ಹೋಗುತ್ತೇವೆ, ಆದರೆ ಕುಳಿತೇ ಹೋಗುತ್ತೇವೆ.

ಆದುದರಿಂದ ಮೊದಲನೆಯ ವರ್ಷದಲ್ಲಿ, ವಿದ್ಯಾರ್ಥಿವೇತನದ ಆರು ಸಾವಿರಕ್ಕೆ ತಂದೆಯವರು ತಮ್ಮ ಕೂಲಿಯಿಂದ ಮೂರು ಸಾವಿರದ ಇನ್ನೂರು ಸೇರಿಸಿ, ನನಗೊಂದು ಹೊಸ ಸೈಕಲ್ಲು ಕೊಡಿಸಿದರು. ಹಳೆಯದೊಂದನ್ನು ಕಡಿಮೆ ಬೆಲೆಗೆ ನೋಡೋಣವೆಂದು ನಾನು ಹೇಳಿದ್ದುಂಟು. “ಕಾಲೇಜಿಗೆ ಹೋಗೋನು ಇನ್ನೊಬ್ಬರು ಬಿಟ್ಟಿದ್ದನ್ನ ಹೊಡೀತಾನಾ?” ಎಂದರು. ಇನ್ನೊಬ್ಬರು ಬಿಟ್ಟ ಬಟ್ಟೆ, ಬಿಟ್ಟ ಚಪ್ಪಲಿಗಳಲ್ಲಿಯೇ ಬೆಳೆದವರು ಅವರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಪೂರ್ತಿಯಾಗಿ ಇಲ್ಲ.

ಅಂಗಡಿಯಲ್ಲಿ ಅದು ಮದುವಣಿಗನಂತೆ ನಿಂತಿತ್ತು. ಮುಂದೊಂದು ಸ್ಪ್ರಿಂಗು, ಸೀಟಿನ ಕೆಳಗೊಂದು ಸ್ಪ್ರಿಂಗು, ಎರಡೂ ಗಾಲಿಗಳಿಗೆ ಡಿಸ್ಕ್ ಬ್ರೇಕು, ಮೈತುಂಬ ಮಿಂಚಿನ ಚಿತ್ರ. ಊರಿನ ಹುಡುಗರೆಲ್ಲ ಬಂದು ಮುಟ್ಟಿ ನೋಡಿದರು. ಮಳೆಗಾಲ ಹಿಡಿದು ನಾಲ್ಕು ತಿಂಗಳಲ್ಲಿ ಅದರ ಸಂಸಾರ ಮುಗಿಯಿತು. ಮುಂದಿನ ಸ್ಪ್ರಿಂಗು ತುಕ್ಕು ಹಿಡಿದು ಬಿಗಿದುಕೊಂಡಿತು. ಹಿಂದಿನ ಕೀಲು ಸಡಿಲಗೊಂಡು ಇಡೀ ಸೈಕಲ್ಲು ಅಡ್ಡಡ್ಡ ಓಲಾಡತೊಡಗಿತು. ಬ್ರೇಕು ಹಿಡಿಯುವ ಬದಲು ಕಿರುಚಲು ಕಲಿಯಿತು. ಒಮ್ಮೆ ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಹತ್ತೊಂಬತ್ತು ಕಿಲೋ!

ಆಮೇಲೆ ಓದಿ ತಿಳಿದುದೇನೆಂದರೆ, ತಪ್ಪು ಸ್ಪ್ರಿಂಗಿನ ತತ್ತ್ವದ್ದಲ್ಲ, ಅಗ್ಗದ ಸ್ಪ್ರಿಂಗಿನದು. ಒಳ್ಳೆಯ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗಿನ ಕುಣಿತವನ್ನು ತಡೆಯಲು ಎಣ್ಣೆಯ ಏರ್ಪಾಡೊಂದಿರುತ್ತದೆ. ಬೆಲೆಯೆಲ್ಲ ಹೋಗುವುದು ಅದಕ್ಕೆ. ಅದಿಲ್ಲದ ಬರಿಯ ಸ್ಪ್ರಿಂಗು ನಾವು ತುಳಿದ ಬಲದಲ್ಲಿ ಪಾಲು ತೆಗೆದುಕೊಂಡು ತಾನು ಕುಣಿಯುತ್ತದೆ. ಒಂಬತ್ತು ಸಾವಿರದಲ್ಲಿ ಎರಡು ಸ್ಪ್ರಿಂಗು, ಎರಡು ಡಿಸ್ಕು, ಇಪ್ಪತ್ತೊಂದು ಗೇರು ಎಲ್ಲವನ್ನೂ ಕೊಡಬೇಕಾದರೆ ಯಾವುದನ್ನೂ ನೆಟ್ಟಗೆ ಕೊಡಲಾಗದು.

ಇಷ್ಟಕ್ಕೂ ಈ ಬೆಟ್ಟದ ಸೈಕಲ್ಲು ಹುಟ್ಟಿದ್ದೇ ಗುಜರಿಯಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಬೆಟ್ಟಸೀಮೆಯಿದೆ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು, ಎರಡನೆಯ ಮಹಾಯುದ್ಧಕ್ಕೂ ಹಿಂದಿನ ಶ್ವಿನ್ ಮುಂತಾದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಅಗ್ಗಕ್ಕೆ ಹುಡುಕಿ ತಂದು, ಬೇಡದ್ದನ್ನೆಲ್ಲ ಕಿತ್ತೆಸೆದು, ಬೆಟ್ಟದಿಂದ ಇಳಿಸುತ್ತಿದ್ದರು. ಎರಡು ಮೈಲಿಗಳಲ್ಲಿ ಸುಮಾರು 1,300 ಅಡಿ ಇಳಿಯುವ ದಾರಿಯೊಂದರಲ್ಲಿ 1976ರ ಅಕ್ಟೋಬರಿನಲ್ಲಿ ಪಂದ್ಯವನ್ನೂ ನಡೆಸಿದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಆ ಹಳೆಯ ಬ್ರೇಕು ಕೆಳಗಿಳಿಯುವುದರೊಳಗೆ ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಾದುದರಿಂದ ಆ ದಾರಿಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಅವರಲ್ಲೊಬ್ಬನಾದ ಜೋ ಬ್ರೀಜ್ 1977ರಲ್ಲಿ ಇದಕ್ಕೆಂದೇ ಹೊಸ ಚೌಕಟ್ಟು ಕಟ್ಟಿದ. ದೊಡ್ಡ ಪ್ರಮಾಣದಲ್ಲಿ ತಯಾರಾದ ಸ್ಟಂಪ್‌ಜಂಪರ್ ಮಾರಾಟಕ್ಕೆ ಬಂದುದು 1981ರಲ್ಲಿ. ಗುಜರಿಯೇ ಮೊದಲು, ಅಂಗಡಿ ಆಮೇಲೆ. ಇದನ್ನು ತಂದೆಯವರಿಗೆ ಹೇಳಿದೆ. “ಅವರು ಬೇಕಂತ ಮಾಡಿದ್ದು, ನಮಗೆ ಗತಿ ಇಲ್ದೆ” ಎಂದರು. ಅದೂ ನಿಜವೇ.

ಹೊಸದನ್ನು ಎರಡು ಸಾವಿರಕ್ಕೆ ಮಾರಿದೆ. ಹೊಟ್ಟೆ ಕರಗಿಸಲೆಂದು ಯಾರೋ ಕೊಂಡು, ಹೊಟ್ಟೆ ಕರಗದೆ, ಶೆಡ್ಡಿನಲ್ಲಿ ನೇತುಹಾಕಿದ್ದ ಹಳೆಯ ಬೆಟ್ಟದ ಸೈಕಲ್ಲೊಂದು ಎರಡೂವರೆ ಸಾವಿರಕ್ಕೆ ಸಿಕ್ಕಿತು. ಸ್ಪ್ರಿಂಗಿಲ್ಲದ ಗಟ್ಟಿ ಫೋರ್ಕು, 26 ಅಂಗುಲದ ಗಾಲಿ, ಸಾಮಾನ್ಯ ರಿಮ್ ಬ್ರೇಕು. ಟೈರು ಎರಡಕ್ಕೆ 900, ಟ್ಯೂಬಿಗೆ 300, ಸರಪಳಿಗೆ 280, ಹಿಂದಿನ ಹಲ್ಲುಚಕ್ರಕ್ಕೆ 450, ಬ್ರೇಕಿನ ರಬ್ಬರು ಮತ್ತು ತಂತಿಗೆ 320, ಗುಂಡು ಗ್ರೀಸಿಗೆ 150. ಒಟ್ಟು ನಾಲ್ಕು ಸಾವಿರದ ಒಂಬೈನೂರು. ತೂಕ ಹದಿನಾಲ್ಕೂವರೆ ಕಿಲೋ. ಎಂದರೆ, ಮೊದಲಿನದರಲ್ಲಿ ನಾನು ದಿನವೂ ನಾಲ್ಕೂವರೆ ಕಿಲೋ ಅಕ್ಕಿಯ ಗಂಟನ್ನು ಸುಮ್ಮನೆ ಬೆಟ್ಟ ಹತ್ತಿಸುತ್ತಿದ್ದೆನಷ್ಟೆ!

ಕೊಳ್ಳುವವರು ಬಣ್ಣವನ್ನು ನೋಡಬಾರದು. ಚೌಕಟ್ಟಿನ ಕೊಳವೆಗಳು ಕೂಡುವ ಕಡೆ, ಮುಖ್ಯವಾಗಿ ಹ್ಯಾಂಡಲಿನ ಕೆಳಗೆ ಮತ್ತು ಪೆಡಲಿನ ಅಚ್ಚಿನ ಬಳಿ, ಕೂದಲೆಳೆಯಷ್ಟು ಬಿರುಕಿದ್ದರೂ ಬಿಟ್ಟು ಬರಬೇಕು. ಸರಪಳಿಯನ್ನು ಶಾಲೆಯ ಸ್ಕೇಲಿನಿಂದ ಅಳೆಯಬಹುದು: ಹೊಸದರಲ್ಲಿ ಇಪ್ಪತ್ತನಾಲ್ಕು ಕೊಂಡಿಗಳು ಸರಿಯಾಗಿ 12 ಅಂಗುಲ. ಅಂಗುಲದ ಹದಿನಾರನೆಯ ಒಂದು ಪಾಲು ಹೆಚ್ಚಾಗಿದ್ದರೆ ಸರಪಳಿ ಸವೆದಿದೆ. ಎಂಟನೆಯ ಒಂದು ಪಾಲಾಗಿದ್ದರೆ ಹಿಂದಿನ ಹಲ್ಲುಚಕ್ರವೂ ಹೋಯಿತೆಂದೇ ಲೆಕ್ಕ. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಎಲ್ಲಕ್ಕಿಂತ ಅಗ್ಗದ ಸುಧಾರಣೆ ಗಾಳಿಯದು. ಪಂಕ್ಚರ್ ಅಂಗಡಿಯವರು ಟೈರು ಕಲ್ಲಾಗುವಂತೆ ಅರವತ್ತು ಪೌಂಡು ತುಂಬಿ ಕಳಿಸುತ್ತಾರೆ. ಎರಡು ಅಂಗುಲದ ಟೈರಿಗೆ, ನನ್ನಂಥ ಐವತ್ತೈದು ಕಿಲೋ ಆಸಾಮಿಗೆ, ಮೂವತ್ತೈದರ ಆಸುಪಾಸು ಸಾಕು. ಟೈರು ಕಲ್ಲಿನ ಮೇಲೆ ಪುಟಿಯದೆ ಅದನ್ನು ಅಪ್ಪಿಕೊಂಡು ಹೋಗುತ್ತದೆ. ಸ್ಪ್ರಿಂಗು ಕೊಡದಿದ್ದ ಸುಖವನ್ನು ನನಗೆ ಇದು ಬಿಟ್ಟಿಯಾಗಿ ಕೊಟ್ಟಿತು.

ನನ್ನ ವಾದದಲ್ಲಿ ಕುಂದಿಲ್ಲವೆಂದು ಹೇಳಲಾರೆ. ಆಷಾಢದ ಕೆಸರಿನಲ್ಲಿ ರಿಮ್ ಬ್ರೇಕು ಜಾರುತ್ತದೆ, ರಿಮ್ಮನ್ನೂ ಸವೆಸುತ್ತದೆ. ಒಳ್ಳೆಯ ಡಿಸ್ಕ್ ಬ್ರೇಕಿಗೆ ಅದು ಸಮವಲ್ಲ. ಇಳಿಜಾರಿನಲ್ಲಿ ನಾನು ಎರಡು ಸಲ ಬಿದ್ದಿದ್ದೇನೆ. ಕೆಲಸ ತಿಳಿಯದವನಿಗೆ ಹಳೆಯ ಸೈಕಲ್ಲು ಖರ್ಚಿನ ಬಾವಿಯೂ ಆದೀತು. ನಾನು ಪೇಟೆಯ ವೃದ್ಧ ಮೆಕ್ಯಾನಿಕ್ಕರೊಬ್ಬರ ಬಳಿ ಮೂರು ಭಾನುವಾರ ಕುಳಿತು ಕಲಿತೆ. ಅವರಿಗೆ ಅಕ್ಷರ ಬಾರದು. ಗಾಲಿಯ ಓರೆಯನ್ನು ಮಾತ್ರ ಕಡ್ಡಿಗಳ ನಾದದಿಂದಲೇ ಹೇಳುತ್ತಾರೆ.

ಆದುದರಿಂದ ಪೂಜ್ಯ ಅಧ್ಯಾಪಕರಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮ ವಾಹನ ನಿಲುಗಡೆಯಲ್ಲಿ ಮೋಟಾರು ಸೈಕಲ್ಲುಗಳಿಗೆ ತಗಡಿನ ಮಾಡಿದೆ. ಸೈಕಲ್ಲುಗಳು ಮಳೆಯಲ್ಲಿ ನಿಲ್ಲುತ್ತವೆ. ಮಾಡು ಆಗುವಾಗ ಆಗಲಿ. ಅಲ್ಲಿಯವರೆಗೆ ಗ್ರಂಥಾಲಯದ ಮೇಜಿನ ಬಳಿ ಒಂದು ಪಂಪು, ಸ್ಪ್ಯಾನರುಗಳು, ಸರಪಳಿ ಬಿಚ್ಚುವ ಉಪಕರಣ, ಒಂದು ಡಬ್ಬಿ ಗ್ರೀಸು ಇದ್ದು, ಪುಸ್ತಕದಂತೆಯೇ ಸಹಿ ಮಾಡಿ ಒಯ್ಯುವಂತಾದರೆ ಎಷ್ಟೋ ಮಂದಿಗೆ ಉಪಕಾರವಾಗುತ್ತದೆ. ಬಳಸುವುದನ್ನು ತೋರಿಸಿಕೊಡಲು ಶನಿವಾರಗಳಂದು ನಾನಿದ್ದೇನೆ, ಪರೀಕ್ಷೆಯವರೆಗೆ.

ಮುಂದಿನ ವರ್ಷ ತಂಗಿ ಇದೇ ಕಾಲೇಜಿಗೆ ಸೇರುವವಳಿದ್ದಾಳೆ. ಅವಳಿಗೆ ಹೊಸದೇ ಕೊಡಿಸಬೇಕೆಂದು ತಂದೆಯವರು ಎರಡು ದಿನ ಹಟ ಹಿಡಿದರು. ಮೂರನೆಯ ದಿನ ನನ್ನ ಸೈಕಲ್ಲನ್ನು ಅಂಗಳಕ್ಕೆ ತಂದು, ಸೀಟನ್ನು ಎರಡಂಗುಲ ತಗ್ಗಿಸಿ, ಅವಳನ್ನು ಕೂರಿಸಿ ತಾವೇ ಹಿಡಿದುಕೊಂಡು ನೋಡಿದರು. ಹಿಂದಿನ ಟೈರನ್ನು ಮಾತ್ರ ಮಳೆಗೆ ಮೊದಲು ಬದಲಾಯಿಸಬೇಕಾಗಿದೆ.